133 ದಿನ ಉಣ್ಣದ ಗುಂಡ: ಒಂದು ಪೆಟ್ಟಿಗೆ ರಿಪೇರಿಯ ದಿನಚರಿ

ನಮ್ಮ ಮನೆಯ ಹಾವು ಕೊನೆಗೂ ಉಂಡಿತು. ಜನವರಿ 28, ಶನಿವಾರ ರಾತ್ರಿ ಒಂಬತ್ತೂವರೆಗೆ. ಅದಕ್ಕೂ ಮುಂಚಿನ ಊಟ ಸೆಪ್ಟೆಂಬರ್ 17ಕ್ಕೆ ಆಗಿತ್ತು. ನಡುವೆ 133 ದಿನ. ಅಷ್ಟೂ ದಿನ ನಾನು ಏನೇನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ದುಡ್ಡು ಹೋಯಿತು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನೊಬ್ಬರ ಮನೆಯ ಹಾವು ಊಟ ಬಿಟ್ಟಾಗ ಅವರಿಗಾದರೂ ಎರಡು ತಿಂಗಳು ಉಳಿಯಲಿ.

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಹಾವು ಬಾಲ್ ಪೈಥಾನ್. ಇಲ್ಲಿಯವರು ರಾಯಲ್ ಪೈಥಾನ್ ಅನ್ನುತ್ತಾರೆ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯ ಹಾವು. ವಿಷ ಇಲ್ಲ. ಹೆದರಿದರೆ ತಲೆಯನ್ನು ಮಧ್ಯದಲ್ಲಿ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಮಗಳು ಗುಂಡ ಅಂತ ಹೆಸರಿಟ್ಟಳು. ಗಂಡು, ಐದು ವರ್ಷ. ಅವಳು ಸೆಪ್ಟೆಂಬರ್ 18ಕ್ಕೆ ಯೂನಿವರ್ಸಿಟಿಗೆ ಹೊರಟಾಗ ಅದನ್ನು ನನ್ನ ಕೈಗೆ ಒಪ್ಪಿಸಿ ಹೋದಳು.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ನಮ್ಮ ಕೇರೆ, ನಾಗರ, ಹೆಬ್ಬಾವು ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅವುಗಳನ್ನು ಕಾಯುತ್ತದೆ. ಹಿತ್ತಲಿಗೆ ಬಂದ ಹಾವನ್ನು ಡಬ್ಬಿಗೆ ಹಾಕಿಕೊಂಡು ಈ ಬರಹ ನೋಡಿ ಸಾಕಲು ಹೋಗಬೇಡಿ, ದಯವಿಟ್ಟು.

ಸೆಪ್ಟೆಂಬರ್ 24, 2022

ಗುಂಡನ ಮನೆ ಅಂದರೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಮರದ ಪೆಟ್ಟಿಗೆ. ಮುಂದೆ ಸರಿಸುವ ಗಾಜು. ಬಲಗಡೆ ಮೂಲೆಯಲ್ಲಿ, ಹಾಸಿನ ಕೆಳಗೆ, ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಕಾವು ಕೊಡುವ ತೆಳು ಹಾಳೆ. ಬಿಸಿ ನೋಡಿ ಕರೆಂಟು ಕೊಟ್ಟು ಕಡಿಯುವ ಒಂದು ಥರ್ಮೋಸ್ಟಾಟ್ ಅದನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಇಷ್ಟು ದಿನ ಇದು ಮಹಡಿ ಮೇಲೆ, ಮಗಳ ಕೋಣೆಯಲ್ಲಿತ್ತು.

ಈ ದಿನ ನಾನು ಎರಡು ಬದಲಾವಣೆ ಮಾಡಿದೆ. ಎರಡನ್ನೂ ಒಳ್ಳೇದಕ್ಕೇ ಮಾಡಿದೆ. ಒಂದು, ಪೆಟ್ಟಿಗೆಯನ್ನು ಕೆಳಗೆ ಹಾಲ್‌ಗೆ ತಂದೆ. ಕಣ್ಣೆದುರಿಗೆ ಇದ್ದರೆ ನೋಡಿಕೊಳ್ಳಲು ಸುಲಭ ಅಂತ. ಎರಡು, ಹಳೆಯ ಪೇಪರ್ ಹಾಸು ತೆಗೆದು ತೆಂಗಿನ ಸಿಪ್ಪೆಯ ಚೂರು ತುಂಬಿದೆ, ಸುಮಾರು 6 ಸೆಂಟಿಮೀಟರ್ ದಪ್ಪ. ಕಳೆದ ಸಲ ಪೊರೆ ತುಂಡು ತುಂಡಾಗಿ ಬಂದಿತ್ತು. ಸಿಪ್ಪೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಲ್ವಾ? ಯೋಚನೆ ಸರಿಯೇ ಇತ್ತು. ಆದರೆ ಹಾಸಿದ ಮೇಲೆ ಮ್ಯಾಟ್‌ನ ಕಾವು ಮೇಲಕ್ಕೆ ಬರುತ್ತಿದೆಯಾ ಅಂತ ಕೈಯಿಟ್ಟು ಕೂಡ ನೋಡಲಿಲ್ಲ.

ಅಕ್ಟೋಬರ್ 1

ಗುಂಡನ ಊಟ ಎರಡು ವಾರಕ್ಕೊಮ್ಮೆ. ಫ್ರೀಜರ್‌ನಲ್ಲಿರುವ ಇಲಿ, ಸುಮಾರು 100 ಗ್ರಾಂ, ಒಂದಕ್ಕೆ 3 ಪೌಂಡ್ 20 ಪೆನ್ಸ್. ಕರಗಿಸಿ, ಬಿಸಿ ಮಾಡಿ ಇಟ್ಟೆ. ಮೂಸಲೂ ಇಲ್ಲ. ಜಾಗ ಹೊಸದು, ಇರಲಿ ಅಂದುಕೊಂಡೆ.

ಇದೇ ದಿನದಿಂದ ಇಲ್ಲಿ ಕರೆಂಟು, ಗ್ಯಾಸಿನ ದರ ಏರಿತು. ಹಾಗಾಗಿ ಮನೆಯ ಹೀಟಿಂಗ್ ಇಳಿಸಿದೆವು. ಹಗಲು 18 ಡಿಗ್ರಿ, ರಾತ್ರಿ ಪೂರ್ತಿ ಬಂದ್. ನಾವು ಸ್ವೆಟರ್ ಹಾಕಿಕೊಂಡೆವು. ಹಾವಿಗೆ ಸ್ವೆಟರ್ ಇಲ್ಲ ಅನ್ನುವುದು ಹೊಳೆಯಲು ನನಗೆ ಆರು ವಾರ ಬೇಕಾಯಿತು.

ಅಕ್ಟೋಬರ್ 5ರಿಂದ 29

ನನ್ನ ದೊಡ್ಡ ತಪ್ಪು ಈ ದಿನಗಳಲ್ಲಿದೆ.

5ಕ್ಕೆ ಮತ್ತೆ ಇಲಿ ಇಟ್ಟೆ. 8ಕ್ಕೆ ಇಟ್ಟೆ. 12, 15, 22, 29. ಮಗುವಿಗೆ ತುತ್ತು ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುವ ಹಾಗೆ. ಪ್ರತಿ ಸಲ ಇಲಿಯನ್ನು ಮುಖದ ಮುಂದೆ ಆಡಿಸಿದೆ. ಒಲ್ಲೆ ಅಂದಾಗ ಮೈಗೆ ತಾಗಿಸಿದೆ. ಅದು ತಲೆ ಒಳಗಿಟ್ಟು ಉಂಡೆಯಾಯಿತು. 29ಕ್ಕೆ ಇಲಿಯನ್ನು ರಾತ್ರಿಯಿಡೀ ಒಳಗೇ ಬಿಟ್ಟೆ. ಬೆಳಿಗ್ಗೆ ಮನೆಯೆಲ್ಲ ವಾಸನೆ. ಒಮ್ಮೆ ಕರಗಿದ ಇಲಿಯನ್ನು ಮತ್ತೆ ಫ್ರೀಜ್ ಮಾಡಬಾರದು. ಏಳು ಇಲಿ ಕಸಕ್ಕೆ ಹೋದವು.

ಊಟ ಇಡದ ದಿನವೂ ಸುಮ್ನೆ ಬಿಡಲಿಲ್ಲ. ಆರೋಗ್ಯ ಹೇಗಿದೆ ನೋಡೋಣ ಅಂತ ದಿನಾ ಎತ್ತಿಕೊಳ್ಳುತ್ತಿದ್ದೆ. ಹೆದರಿದ ಹಾವು ತಿನ್ನುವುದಿಲ್ಲ. ಹೆದರಿಸುತ್ತಿದ್ದವನು ನಾನೇ.

ಅಮ್ಮ ಹಾಸನದಿಂದ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಮೊದಲು ನನ್ನ ಊಟ ವಿಚಾರಿಸಿ, ಆಮೇಲೆ 'ಗುಂಡ ಉಂಡನಾ?' ಅನ್ನುತ್ತಾರೆ. 'ಒಂದು ಬಟ್ಟಲು ಹಾಲಾದರೂ ಇಡೋ' ಅಂದರು. ಹಾವಿಗೆ ಹಾಲು ಅರಗುವುದಿಲ್ಲ ಅಮ್ಮ, ನೀರು ಸಾಕು ಅಂದೆ. ನಾಗರ ಪಂಚಮಿಗೆ ಅರವತ್ತು ವರ್ಷ ಹುತ್ತಕ್ಕೆ ಹಾಲೆರೆದವರು. ಆದರೂ ಒಪ್ಪಿಕೊಂಡರು. 'ಹಂಗಾದ್ರೆ ಅದಕ್ಕೆ ಹುತ್ತದಂಥ ಜಾಗ ಮಾಡಿಕೊಟ್ಟಿದೀಯಾ?' ಅಂತ ಕೇಳಿದರು. ಆಗ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಟೋಬರ್ 30

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು ತೂಗಿದೆ. 1,196 ಗ್ರಾಂ. ಹೋಲಿಸಿ ನೋಡೋಣ ಅಂದರೆ ಹಳೆಯ ತೂಕ ನನ್ನ ಹತ್ತಿರ ಇರಲಿಲ್ಲ. ಮಗಳ ಹತ್ತಿರ ಇತ್ತು. ಅವಳನ್ನು ಕೇಳಲಿಲ್ಲ. ಹೊಸ ಊರು, ಹೊಸ ಓದು, ಯಾಕೆ ಚಿಂತೆ ಹಚ್ಚಬೇಕು ಅಂತ ಮುಚ್ಚಿಟ್ಟೆ.

ನವೆಂಬರ್ 9

ನವೆಂಬರ್ 5 ಇಲ್ಲಿ ಪಟಾಕಿಯ ರಾತ್ರಿ. ಹಾಲ್‌ನ ಕಿಟಕಿ ಬೀದಿಗೇ ಇದೆ. ಆ ಸದ್ದಿಗೆ ಗುಂಡ ನಾಲ್ಕು ದಿನ ಹೊರಗೇ ಬರಲಿಲ್ಲ. ನೀರೂ ಕುಡಿದ ಹಾಗೆ ಕಾಣಲಿಲ್ಲ. ನನ್ನ ಧೈರ್ಯ ಹೋಯಿತು. ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. 'ಅಪ್ಪಾ, ನನ್ನ ಮೇಜಿನ ಎರಡನೇ ಡ್ರಾಯರ್‌ನಲ್ಲಿ ಹಸಿರು ಪುಸ್ತಕ ಇದೆ, ನೋಡು' ಅಂದಳು.

ಐದು ವರ್ಷದ ಲೆಕ್ಕ ಅದರಲ್ಲಿತ್ತು. ಯಾವ ದಿನ ಎಷ್ಟು ಗ್ರಾಂ ಇಲಿ, ತಿಂದನೋ ಬಿಟ್ಟನೋ, ಯಾವಾಗ ಪೊರೆ, ತೂಕ ಎಷ್ಟು. ಸೆಪ್ಟೆಂಬರ್ 17ರ ಊಟಕ್ಕೆ ಮುಂಚೆ 1,240 ಗ್ರಾಂ. ಅಷ್ಟೇ ಅಲ್ಲ, ಕಳೆದ ಚಳಿಗಾಲದಲ್ಲೂ ಏಳು ವಾರ ಊಟ ಬಿಟ್ಟಿತ್ತು. ಬೆಳೆದ ಗಂಡು ಬಾಲ್ ಪೈಥಾನ್‌ಗಳು ಚಳಿಗಾಲದಲ್ಲಿ, ಬೆದೆಯ ಕಾಲದಲ್ಲಿ, ವಾರಗಟ್ಟಲೆ ಉಪವಾಸ ಇರುವುದು ಮಾಮೂಲು. ಆದರೆ ಆ ಏಳು ವಾರದಲ್ಲಿ ಇಳಿದದ್ದು ಬರೀ 18 ಗ್ರಾಂ. ಈ ಸಲ ಆರು ವಾರಕ್ಕೇ 44 ಗ್ರಾಂ. ಉಪವಾಸದ ಜೊತೆ ಬೇರೆ ಏನೋ ಸೇರಿದೆ ಅಂತ ಆಗ ಗೊತ್ತಾಯಿತು. ಪುಸ್ತಕವನ್ನು ಮೊದಲ ದಿನವೇ ತೆರೆದಿದ್ದರೆ!

ನವೆಂಬರ್ 12: ಅಳತೆ

16 ಪೌಂಡ್ ಕೊಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ ತಂದೆ. ಗುರಿಯಿಟ್ಟು ಒತ್ತಿದರೆ ಆ ಜಾಗದ ಬಿಸಿ ಎಷ್ಟು ಅಂತ ತೋರಿಸುವ ಗನ್. ತಲಾ 9 ಪೌಂಡಿನ ಎರಡು ಡಿಜಿಟಲ್ ಮೀಟರ್ ಕೂಡ ತಂದೆ. ಅವು ಬಿಸಿ, ತೇವ ಎರಡನ್ನೂ ತೋರಿಸುತ್ತವೆ.

ಬೆಳಿಗ್ಗೆ ಆರಕ್ಕೆ ಎದ್ದು ಅಳೆದೆ. ಬಿಸಿ ಮೂಲೆಯಲ್ಲಿ ಹಾಸಿನ ಮೇಲೆ 23.8 ಡಿಗ್ರಿ. ತಣ್ಣನೆ ಮೂಲೆಯಲ್ಲಿ 18.4. ಗೋಡೆಗೆ ಅಂಟಿಸಿದ್ದ ಹಳೆಯ ಗಡಿಯಾರದಂಥ ಮೀಟರ್ ಮಾತ್ರ 28 ತೋರಿಸುತ್ತಾ ನಿಂತಿತ್ತು. ಅದರ ಮುಳ್ಳು ಕೆಟ್ಟು ಎಷ್ಟು ದಿನವಾಗಿತ್ತೋ. ಇಷ್ಟು ದಿನ ನಾನು ಅದನ್ನೇ ನಂಬಿದ್ದೆ.

ಗುಂಡನಿಗೆ ಬೇಕಾದದ್ದು ಬಿಸಿ ಕಡೆ 31ರಿಂದ 32, ತಣ್ಣನೆ ಕಡೆ 24ರಿಂದ 26. ಹೊಟ್ಟೆಯಲ್ಲಿ ಹೋದದ್ದು ಅರಗಬೇಕಾದರೆ ಹಾವಿಗೆ ಹೊರಗಿನ ಕಾವು ಬೇಕೇ ಬೇಕು. ಕಾವಿಲ್ಲದೆ ತಿಂದರೆ ಇಲಿ ಒಳಗೇ ಕೊಳೆಯುತ್ತದೆ, ಇಲ್ಲವೇ ಹಾವು ಕಕ್ಕಿಬಿಡುತ್ತದೆ. ಅಕ್ಟೋಬರ್ ಪೂರ್ತಿ ಗುಂಡ ಇಲಿಯನ್ನು ಒಲ್ಲೆ ಅಂದದ್ದೇ ಸರಿ. ನಾನು ಬಲವಂತ ಮಾಡಿದ್ದು ತಪ್ಪು.

ಸಿಪ್ಪೆ ಬಗೆದು ಮ್ಯಾಟ್ ಮೇಲೆ ಗನ್ ಹಿಡಿದೆ. ಅಲ್ಲಿ 32! ಥರ್ಮೋಸ್ಟಾಟ್‌ನ ಪ್ರೋಬ್, ಅಂದರೆ ಬಿಸಿ ಅಳೆಯುವ ತುದಿ, ಮ್ಯಾಟ್‌ಗೆ ಅಂಟಿಕೊಂಡಿತ್ತು. ಅದರ ಪಾಲಿಗೆ ಎಲ್ಲ ಸರಿ. 32 ಮುಟ್ಟಿದ ಕೂಡಲೇ ಕರೆಂಟು ಕಡಿಯುತ್ತಿತ್ತು. ಆ ಕಾವು 6 ಸೆಂಟಿಮೀಟರ್ ಸಿಪ್ಪೆ ದಾಟಿ ಮೇಲೆ ಬರುತ್ತಲೇ ಇರಲಿಲ್ಲ. ತೆಂಗಿನ ಸಿಪ್ಪೆ ಕಂಬಳಿಯ ಕೆಲಸ ಮಾಡಿತ್ತು, ಆದರೆ ತಪ್ಪು ಕಡೆಗೆ. ಹೀಟಿಂಗ್ ಬಂದ್ ಆದ ಹಾಲ್ ಬೇರೆ 15.9ಕ್ಕೆ ಇಳಿದಿತ್ತು. ಮ್ಯಾಟ್ ತನ್ನ ಮೇಲೆ ಮಲಗಿದ್ದನ್ನು ಬಿಸಿ ಮಾಡುತ್ತದೆ. ಗಾಳಿಯನ್ನು ಬಿಸಿ ಮಾಡುವ ತಾಕತ್ತು ಅದಕ್ಕಿಲ್ಲ.

ಅವತ್ತೇ ಮ್ಯಾಟ್ ಮೇಲಿನ ಸಿಪ್ಪೆಯನ್ನು 1 ಸೆಂಟಿಮೀಟರ್‌ಗೆ ಇಳಿಸಿದೆ. ಮಾರನೇ ದಿನ ಪಕ್ಕದ ಮನೆಯವರ ಸಹಾಯ ಪಡೆದು ಪೆಟ್ಟಿಗೆಯನ್ನು ವಾಪಸ್ ಮಹಡಿಗೆ ಸಾಗಿಸಿದೆ.

ನವೆಂಬರ್ 19: ಡಾಕ್ಟರ್

ಹಾವು ನೋಡುವ ಪಶುವೈದ್ಯರು ಬೇರೆಯೇ ಇರುತ್ತಾರೆ. ಫೀಸು 58 ಪೌಂಡ್. ಬಾಯಿ ತೆರೆದು ಒಸಡು ನೋಡಿದರು. ಉಸಿರಾಟದಲ್ಲಿ ಗೊರಗೊರ ಇದೆಯಾ, ಮೂಗಿನಲ್ಲಿ ನೊರೆ ಇದೆಯಾ ಪರೀಕ್ಷಿಸಿದರು. ಕಣ್ಣಿನ ಸುತ್ತ, ಗದ್ದದ ಕೆಳಗಿನ ಮಡಿಕೆಯಲ್ಲಿ ಕರಿ ಚುಕ್ಕೆಯಂಥ, ಹೇನಿನ ಹಾಗೆ ರಕ್ತ ಹೀರುವ ಹುಳ ಹುಡುಕಿದರು. ಬೆನ್ನುಮೂಳೆ ಎದ್ದು ಕಾಣುತ್ತಿದೆಯಾ ಅಂತ ಸವರಿದರು. ಎಲ್ಲ ಸರಿಯಿತ್ತು.

ಅವರು ಹೇಳಿದ್ದು ಇಷ್ಟು. ಇಲಿ ಇಡುವುದು ಹದಿನಾಲ್ಕು ದಿನಕ್ಕೊಮ್ಮೆ ಮಾತ್ರ. ನಡುವೆ ಮುಟ್ಟಬೇಡಿ. ವಾರಕ್ಕೊಮ್ಮೆ ತೂಗಿ. 10 ಪರ್ಸೆಂಟ್‌ಗಿಂತ ಜಾಸ್ತಿ ಇಳಿದರೆ ಕರೆದುಕೊಂಡು ಬನ್ನಿ. ಬಾಯಿಗೆ ತುರುಕುವ ಕೆಲಸಕ್ಕೆ ನೀವಾಗಿ ಕೈ ಹಾಕಬೇಡಿ. ಜೀವಂತ ಇಲಿ ಬಿಡಲೂ ಬೇಡಿ, ಹಸಿವಿಲ್ಲದ ಹಾವನ್ನು ಇಲಿ ಕಚ್ಚಿ ಗಾಯ ಮಾಡುತ್ತದೆ.

ನವೆಂಬರ್ 26 ಮತ್ತು 27: ಹೀಟರ್ ಕೂರಿಸಿದ್ದು

ಮೊದಲು ಕೆಂಪು ಬಲ್ಬ್ ಹಾಕೋಣ ಅಂದುಕೊಂಡಿದ್ದೆ. ಮಗಳು ಬೇಡ ಅಂದಳು. ಗುಂಡ ಕತ್ತಲಲ್ಲಿ ಓಡಾಡುವ ಪ್ರಾಣಿ, ರಾತ್ರಿ ಬೆಳಕು ಬೇಡ. ಹಾಗಾಗಿ ಬೆಳಕು ಕೊಡದ, ಬರೀ ಕಾವು ಕೊಡುವ ಸೆರಾಮಿಕ್ ಹೀಟರ್ ತಂದೆ. 100 ವ್ಯಾಟ್, 17 ಪೌಂಡ್. ಬ್ರಾಕೆಟ್ ಸಮೇತ ಪಿಂಗಾಣಿ ಹೋಲ್ಡರ್ 14. ಹಾವು ಮುಟ್ಟಿ ಸುಟ್ಟುಕೊಳ್ಳದ ಹಾಗೆ ಸುತ್ತ ಹಾಕುವ ತಂತಿ ಪಂಜರ 13. ಈ ಹೀಟರಿಗೆ ಹೊಂದುವ, ಕರೆಂಟನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಥರ್ಮೋಸ್ಟಾಟ್ 62. ಒಟ್ಟು 106 ಪೌಂಡ್. ಹೋಲ್ಡರ್ ಪಿಂಗಾಣಿಯದೇ ಆಗಿರಬೇಕು. ಈ ಕಾವಿಗೆ ಪ್ಲಾಸ್ಟಿಕ್ ಕರಗುತ್ತದೆ.

ಗುಂಡನನ್ನು ಗಾಳಿ ತೂತುಗಳಿರುವ, ಮುಚ್ಚಳಕ್ಕೆ ಕ್ಲಿಪ್ ಇರುವ 40 ಲೀಟರ್ ಡಬ್ಬಕ್ಕೆ ಸೇರಿಸಿ, ಒಂದು ತುದಿಗೆ ಹಳೆಯ ಮ್ಯಾಟ್ ಮತ್ತು ಅದರ ಥರ್ಮೋಸ್ಟಾಟ್ ಕೊಟ್ಟೆ. ಪೆಟ್ಟಿಗೆಯ ಹಿಂದಿನ ಹಲಗೆಗೆ 20 ಮಿಲಿಮೀಟರ್ ಬಿಟ್ ಹಾಕಿ ವೈರಿಗೆ ತೂತು ಕೊರೆದೆ. ಅಂಚಿಗೆ ರಬ್ಬರ್ ಬಳೆ ಕೂರಿಸಿದೆ. ಬ್ರಾಕೆಟ್ಟನ್ನು ಒಳಗಿನಿಂದ ಸೂರಿಗೆ ಬಿಗಿದೆ. 25 ಮಿಲಿಮೀಟರ್ ಸ್ಕ್ರೂ ಹಾಕಿದ್ದೆ. ಹಲಗೆಯ ದಪ್ಪ ಬರೀ 18. ನಾಲ್ಕೂ ಮೊನೆ ಮೇಲೆ ಎದ್ದು ಬಂದವು. ಬಿಚ್ಚಿ 16ರದ್ದು ಹಾಕಿದೆ.

ಪಂಜರ ಬಿಗಿದ ಮೇಲೆ ಸೂರಿಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟು ಸಂದಿ ಉಳಿದಿತ್ತು. ಹಾವಿಗೆ ತಲೆ ತೂರಿಸಲು ಅಷ್ಟು ಸಾಕು. ಬ್ರಾಕೆಟ್ಟನ್ನು ಹಿಂದಕ್ಕೆ ಸರಿಸಿ, ಪಂಜರದ ನಾಲ್ಕೂ ಕಿವಿ ಸೂರಿಗೆ ಅಂಟುವ ಹಾಗೆ ಮತ್ತೆ ಕೂರಿಸಿದೆ. ಇದಕ್ಕೇ ಒಂದೂವರೆ ಗಂಟೆ ಹಿಡಿಯಿತು.

ಪ್ರೋಬ್ ವಿಷಯದಲ್ಲಿ ಎರಡು ತಪ್ಪು. ಮೊದಲು ಅದನ್ನು ಹೀಟರ್‌ನ ಪಕ್ಕದಲ್ಲೇ ನೇತುಹಾಕಿದೆ. ಸೂರಿನ ಹತ್ತಿರ 32 ಆದ ಕೂಡಲೇ ಹೀಟರ್ ಆರಿತು, ನೆಲದಲ್ಲಿ ಬರೀ 25. ಆಮೇಲೆ ಬಿಸಿ ಕಡೆಯಲ್ಲಿ ನೆಲದಿಂದ 10 ಸೆಂಟಿಮೀಟರ್ ಮೇಲೆ ಇಟ್ಟೆ, ಸರಿಹೋಯಿತು. ಆದರೆ ಟೇಪ್ ಹಚ್ಚಿ ಅಂಟಿಸಿದ್ದೆ. ವಿಡಿಯೋ ಕಾಲ್‌ನಲ್ಲಿ ನೋಡಿದ ಮಗಳು 'ಟೇಪ್ ತೆಗಿ, ಈಗಲೇ ತೆಗಿ' ಅಂದಳು. ಟೇಪ್ ಬಿಟ್ಟುಕೊಂಡು ಹಾವಿನ ಮೈಗೆ ಅಂಟಿದರೆ ಬಿಡಿಸುವಾಗ ಹುರುಪೆ ಕಿತ್ತು ಬರುತ್ತದೆ. ಚಿಕ್ಕ ಕೊಕ್ಕೆ ಹೊಡೆದು ಕೇಬಲ್ ಟೈ ಕಟ್ಟಿದೆ.

ಎರಡು ರಾತ್ರಿ ಖಾಲಿ ಪೆಟ್ಟಿಗೆಯನ್ನೇ ಓಡಿಸಿದೆ. ಬಿಸಿ ಕಡೆ 31.5ರಲ್ಲಿ ನಿಂತಿತು. ಮೂರನೇ ದಿನ ಗುಂಡನನ್ನು ಒಳಗೆ ಬಿಟ್ಟೆ. ಮ್ಯಾಟ್ ಪೂರ್ತಿ ತೆಗೆದುಬಿಟ್ಟೆ. ಹೀಟರ್ ದಿನದಲ್ಲಿ ಸುಮಾರು ಅರ್ಧ ಹೊತ್ತು ಉರಿಯುತ್ತದೆ. ಯೂನಿಟ್‌ಗೆ 34 ಪೆನ್ಸ್ ಹಿಡಿದರೆ ದಿನಕ್ಕೆ 41 ಪೆನ್ಸ್ ಆಸುಪಾಸು.

ಡಿಸೆಂಬರ್ 3: ಇಲಿ ಇಟ್ಟೆ. ಇಲ್ಲ. 1,172 ಗ್ರಾಂ.

ಡಿಸೆಂಬರ್ 11

ಜೋರು ಚಳಿ, ಹೊರಗೆ ಸೊನ್ನೆಗಿಂತ ಕೆಳಗೆ. ಬಿಸಿ ಕಡೆ ಅಲುಗಲಿಲ್ಲ, ಆದರೆ ತಣ್ಣನೆ ಕಡೆ 21ಕ್ಕೆ ಇಳಿಯಿತು. 11 ಪೌಂಡಿಗೆ 25 ಮಿಲಿಮೀಟರ್ ಥರ್ಮೋಕೋಲ್ ಹಲಗೆ ತಂದು ಪೆಟ್ಟಿಗೆಯ ಹಿಂದೆ ಮತ್ತು ಎರಡೂ ಪಕ್ಕ ಹೊರಗಿನಿಂದ ಕಟ್ಟಿದೆ. ಗಾಳಿ ಕಿಂಡಿ ಇರುವಲ್ಲಿ ಕತ್ತರಿಸಿ ತೆರೆದೆ. ಮಾರನೇ ಬೆಳಿಗ್ಗೆ 24.2. ಇಡೀ ರಿಪೇರಿಯಲ್ಲಿ ದುಡ್ಡಿಗೆ ಮೀರಿ ಕೆಲಸ ಮಾಡಿದ್ದು ಇದೇ.

ಡಿಸೆಂಬರ್ 17ರಿಂದ 27

17ಕ್ಕೂ ಊಟ ಬೇಡ ಅಂತು. ಮಾರನೇ ದಿನ ಕಣ್ಣು ಹಾಲಿನ ಹಾಗೆ ಮಂಜಾಯಿತು. ಪೊರೆ ಬರುತ್ತಿದೆ ಅಂತ ಅರ್ಥ. ಈ ಹೊತ್ತಿನಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ತುಂಬಾ ಹಾವುಗಳು ಉಣ್ಣುವುದಿಲ್ಲ. ಮೀಟರ್ ನೋಡಿದರೆ ತೇವ 34 ಪರ್ಸೆಂಟ್! ಬೇಕಾದದ್ದು 60ರ ಆಸುಪಾಸು. ಕಾವಿನ ಹಿಂದೆ ಬಿದ್ದು ನಾನು ತೇವ ಮರೆತಿದ್ದೆ. ಸೆರಾಮಿಕ್ ಹೀಟರ್ ಗಾಳಿಯನ್ನು ಒಣಗಿಸಿಬಿಟ್ಟಿತ್ತು.

ಈಗ ಮ್ಯಾಟ್ ಇಲ್ಲದ್ದರಿಂದ ಸಿಪ್ಪೆಯನ್ನು ದಪ್ಪ ಹಾಸಲು ಅಡ್ಡಿಯಿರಲಿಲ್ಲ. ಮತ್ತೆ 6 ಸೆಂಟಿಮೀಟರ್ ತುಂಬಿ, ಮೂಲೆಗಳಿಗೆ ಒಂದು ಲೀಟರ್ ನೀರು ಸುರಿದೆ. ಅಡಿಯಲ್ಲಿ ತೇವ, ಮೇಲೆ ಒಣ. ನೀರಿನ ಬಟ್ಟಲನ್ನು ಸ್ವಲ್ಪ ಬಿಸಿ ಕಡೆಗೆ ಸರಿಸಿದೆ. ಎರಡು ದಿನಕ್ಕೆ 58 ಆಯಿತು. ಆದರೂ ತಡವಾಗಿತ್ತು. 27ಕ್ಕೆ ಪೊರೆ ಮೂರು ತುಂಡಾಗಿ ಬಂತು. ಬಾಲದ ತುದಿಯಲ್ಲಿ ಒಂದು ಉಂಗುರ ಉಳಿಯಿತು. ಬಿಟ್ಟರೆ ಅದು ಒಣಗಿ ಬಿಗಿದು ರಕ್ತ ಓಡದ ಹಾಗೆ ಮಾಡುತ್ತದೆ. ಉಗುರುಬೆಚ್ಚನೆ ನೀರಿನ ಟವೆಲ್‌ನಲ್ಲಿ ಇಪ್ಪತ್ತು ನಿಮಿಷ ಹರಿದಾಡಲು ಬಿಟ್ಟಾಗ ಕಳಚಿಕೊಂಡಿತು. ಕಣ್ಣಿನ ಮೇಲಿನ ಪೊರೆ ಎರಡೂ ಬಂದಿವೆಯಾ ಅಂತ ಬಿದ್ದ ಪೊರೆಯನ್ನು ಬಿಡಿಸಿ ನೋಡಿದೆ. ಬಂದಿದ್ದವು.

ಡಿಸೆಂಬರ್ 31

ಮಗಳು ರಜೆಗೆ ಬಂದಿದ್ದಳು. ನಾನು ಇಲಿ ಕೊಡುವ ರೀತಿಯನ್ನು ಪಕ್ಕದಲ್ಲಿ ಕೂತು ನೋಡಿದಳು. ಮೇಲಿನಿಂದ ಮುಖಕ್ಕೆ ತರಬೇಡ, ಅದಕ್ಕೆ ಹದ್ದು ಬಂದ ಹಾಗೆ ಕಾಣುತ್ತದೆ ಅಂದಳು. ಇಲಿಯ ತಲೆ ತಣ್ಣಗಿತ್ತು. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಕಾವು ಹಿಡಿಯುವ ಚಿಕ್ಕ ಗುಳಿಗಳಿವೆ. ಕಾವಿಲ್ಲದ ಇಲಿ ಅದಕ್ಕೆ ಕಾಣುವುದೇ ಕಷ್ಟ.

ಆಮೇಲೆ ಪೆಟ್ಟಿಗೆ ಕಡೆ ತೋರಿಸಿದಳು. ಅಡಗಲು ಇದ್ದದ್ದು ಒಂದೇ ಒಂದು ಮರದ ಅರ್ಧ ಕೊಳವೆ, ಎರಡೂ ಕಡೆ ಬಾಯಿ. ಮೊದಲು ಮಹಡಿಯಲ್ಲಿದ್ದಾಗ ಎರಡಿದ್ದವು. ಸೆಪ್ಟೆಂಬರ್‌ನಲ್ಲಿ ಸಾಗಿಸುವಾಗ ಒಂದನ್ನು ನಾನೇ ಗ್ಯಾರೇಜಿಗೆ ಹಾಕಿದ್ದೆ, ಜಾಗ ಅಗಲವಾಗಲಿ ಅಂತ. ಕಾಡಿನಲ್ಲಿ ಇವು ಇಲಿಯ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಇರುತ್ತವೆ. ಮೈಗೆ ನಾಲ್ಕೂ ಕಡೆ ಗೋಡೆ ತಾಗಬೇಕು, ಆಗಲೇ ನೆಮ್ಮದಿ. ಅಕ್ಟೋಬರ್‌ನಲ್ಲಿ ಅಮ್ಮ ಕೇಳಿದ್ದೂ ಇದನ್ನೇ ಅಲ್ವಾ?

ಇಬ್ಬರೂ ಸೇರಿ ಎರಡು ಕಪ್ಪು ಪ್ಲಾಸ್ಟಿಕ್ ಟಬ್ ಬೋರಲು ಹಾಕಿದೆವು. ಎರಡಕ್ಕೂ ಸೇರಿ 3 ಪೌಂಡ್. ಅಂಚಿನಲ್ಲಿ 7 ಸೆಂಟಿಮೀಟರ್ ಅಗಲದ ಒಂದೇ ಬಾಯಿ ಕೊಯ್ದೆವು. ಮೊದಲ ಬಾಯಿ ಗರಗಸದ ಹಾಗೆ ಚೂಪಾಗಿತ್ತು, ಮೈ ಗೀರುತ್ತಿತ್ತು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ ನುಣುಪು ಮಾಡಿದೆವು. ಒಂದು ಬಿಸಿ ಕಡೆ, ಒಂದು ತಣ್ಣನೆ ಕಡೆ, ಎರಡೂ ಒಂದೇ ಥರ. ಇಲ್ಲದಿದ್ದರೆ ಕಾವು ಬೇಕಾದಾಗ ಧೈರ್ಯ ಬಿಡಬೇಕು, ಧೈರ್ಯ ಬೇಕಾದಾಗ ಕಾವು ಬಿಡಬೇಕು. ನಡುವೆ ಒದ್ದೆ ಪಾಚಿ ತುಂಬಿದ ಡಬ್ಬಿ, ಮುಂದಿನ ಪೊರೆಗೆ. ಪಾಚಿಗೆ 5 ಪೌಂಡ್. ಗಾಜಿನ ಮೂರು ಪಾಲಿನಲ್ಲಿ ಎರಡು ಪಾಲಿಗೆ ಹೊರಗಿನಿಂದ ಕಪ್ಪು ಕಾಗದ.

ಜನವರಿ 14, 2023

ಸಂಕ್ರಾಂತಿಯ ಹಿಂದಿನ ರಾತ್ರಿ. ಇಲಿ ತೋರಿಸಿದೆ. ಗುಂಡ ಟಬ್ಬಿನಿಂದ ತಲೆ ಹೊರಗೆ ಹಾಕಿ, ನಾಲಿಗೆ ಚಾಚಿ ಚಾಚಿ ಮೂಸಿತು. ಎರಡು ನಿಮಿಷ ನೋಡಿ ಒಳಗೆ ಹೋಯಿತು. ತಿನ್ನಲಿಲ್ಲ. ಆದರೆ ಮೂರೂವರೆ ತಿಂಗಳಲ್ಲಿ ಮೊದಲ ಸಲ ಅದು ಇಲಿಗೆ ಹೆದರಲಿಲ್ಲ. ಆ ಖುಷಿಗೆ ನನಗೆ ನಿದ್ದೆ ಬರಲಿಲ್ಲ. 22ಕ್ಕೆ ತೂಗಿದಾಗ 1,138. ಒಟ್ಟು ಇಳಿದದ್ದು 102 ಗ್ರಾಂ, 8.2 ಪರ್ಸೆಂಟ್. ಡಾಕ್ಟರ್ ಹೇಳಿದ ಗೆರೆ ಹತ್ತಿರ ಬರುತ್ತಿತ್ತು. ಫೆಬ್ರವರಿ ಮೊದಲ ವಾರಕ್ಕೆ ಹೆಸರು ಬರೆಸಿ ಇಟ್ಟೆ.

ಜನವರಿ 28

ಈ ಸಲ 60 ಗ್ರಾಂನ ಸಣ್ಣ ಇಲಿ. ಇಷ್ಟು ದಿನ ಖಾಲಿ ಇದ್ದ ಹೊಟ್ಟೆಗೆ ದೊಡ್ಡದು ಬೇಡ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿದ್ದೆ. ಸಂಜೆ ಗಟ್ಟಿ ಕವರಿನಲ್ಲಿ ಕಟ್ಟಿ ಬಿಸಿ ನೀರಿಗೆ ಹಾಕಿದೆ, ಕುದಿಯುವ ನೀರಿಗಲ್ಲ. ಮೈಕ್ರೋವೇವ್ ಕೂಡದು, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ. ಕೊನೆಗೆ ಹೇರ್ ಡ್ರೈಯರ್ ಹಿಡಿದು ತಲೆಯನ್ನು ಬಿಸಿ ಮಾಡಿದೆ. ಗನ್‌ನಲ್ಲಿ 38.

ಕೋಣೆಯ ದೀಪ ಆರಿಸಿ ಅರ್ಧ ಗಂಟೆ ಕಾದೆ. 30 ಸೆಂಟಿಮೀಟರ್ ಇಕ್ಕಳದಲ್ಲಿ ಸೊಂಟ ಹಿಡಿದು, ಟಬ್ಬಿನ ಬಾಯಿಯಿಂದ ಒಂದು ಗೇಣು ದೂರ, ನೆಲಮಟ್ಟದಲ್ಲಿ ಇಟ್ಟೆ. ಆಡಿಸಲಿಲ್ಲ. ಒಂದು ನಿಮಿಷ. ಎರಡು. ಮೂಗು ಕಾಣಿಸಿತು. ಕತ್ತು ಎಸ್ ಆಕಾರಕ್ಕೆ ಮಡಿಚಿತು. ಹೊಡೆತ ನನಗೆ ಕಾಣಲಿಲ್ಲ, ಇಕ್ಕಳ ಕೈಯಲ್ಲಿ ಜಗ್ಗಿದ್ದು ಮಾತ್ರ ಗೊತ್ತಾಯಿತು. ಮೂರು ಸುತ್ತು ಸುತ್ತಿಕೊಂಡಿತು. ಹನ್ನೊಂದು ನಿಮಿಷದಲ್ಲಿ ನುಂಗಿ ಮುಗಿಸಿತು.

ಉಸಿರು ಬಿಗಿಹಿಡಿದು ಬಾಗಿಲು ಹಾಕಿಕೊಂಡು ಬಂದೆ. ನಾಲ್ಕು ದಿನ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಊಟದ ಮೇಲೆ ಎತ್ತಿದರೆ ಕಕ್ಕುತ್ತದೆ.

ಫೆಬ್ರವರಿ 11

6ಕ್ಕೆ ಹಿಕ್ಕೆ ಹಾಕಿತು, ಗಟ್ಟಿಯಾಗಿ, ಸರಿಯಾಗಿ. ಡಾಕ್ಟರ್ ಹತ್ತಿರದ ಹೆಸರು ತೆಗೆಸಿದೆ. ಈ ರಾತ್ರಿ ಎರಡನೇ ಇಲಿ, 62 ಗ್ರಾಂ, ಇಟ್ಟ ಅರ್ಧ ನಿಮಿಷಕ್ಕೇ ಹೊಡೆಯಿತು. ಊಟಕ್ಕೆ ಮುಂಚೆ ತೂಕ 1,161.

ಲೆಕ್ಕ: ಹೀಟರ್ ಸಾಮಾನು 106, ಗನ್ 16, ಮೀಟರ್ ಎರಡು 18, ಡಾಕ್ಟರ್ 58, ಥರ್ಮೋಕೋಲ್ 11, ಟಬ್ ಮತ್ತು ಪಾಚಿ 8. ಒಟ್ಟು 217 ಪೌಂಡ್. ಕಸಕ್ಕೆ ಹೋದ ಹನ್ನೊಂದು ಇಲಿ 35 ಪೌಂಡ್ 20 ಪೆನ್ಸ್ ಬೇರೆ. ಗಾಜಿನ ಎರಡು ಪಟ್ಟಿ ಸೇರುವಲ್ಲಿ ಇನ್ನೂ ಕಾವು ಸೋರುತ್ತಿದೆ. ಮುಂದಿನ ಶನಿವಾರ ಅಲ್ಲಿಗೆ ರಬ್ಬರ್ ಪಟ್ಟಿ ಹಾಕಬೇಕು.

ಹಸಿರು ಪುಸ್ತಕದಲ್ಲಿ ಮಗಳ ಅಕ್ಷರದ ಕೆಳಗೆ ಇಂದಿನ ಸಾಲು ಬರೆದೆ. ನಾಳೆ ಭಾನುವಾರ, ಅಮ್ಮನ ಫೋನ್ ಬರುತ್ತದೆ.